ಪ್ರಕ್ಷೇಪದ ಮರ್ಮವನ್ನರಿತ ರಸಾಯನವಿದ: ಕ್ಲೋಡ್ ಲೂಯಿ ಬರ್ತೊಲೆ

ರಸಾಯನಶಾಸ್ತ್ರದ ಪ್ರಯೋಗಶಾಲೆಯನ್ನು ಮೊದಲ ಬಾರಿಗೆ ಪ್ರವೇಶಿಸುವ ವಿದ್ಯಾರ್ಥಿಯ ಮನಸ್ಸನ್ನು ಸೆರೆಹಿಡಿಯುವ ದೃಶ್ಯಗಳಲ್ಲಿ ಪ್ರಕ್ಷೇಪದ ದೃಶ್ಯವು ಪ್ರಮುಖವಾದುದು. ಒಂದು ಪ್ರನಾಳದಲ್ಲಿ ಬೆಳ್ಳಿಯ ನೈಟ್ರೇಟಿನ ದ್ರಾವಣ. ಇನ್ನೊಂದರಲ್ಲಿ ಅಡುಗೆ ಉಪ್ಪಿನ ದ್ರಾವಣ. ಎರಡೂ ತಿಳಿನೀರಿನಂತೆ ನಿರ್ಮಲ. ಒಂದಕ್ಕೆ ಇನ್ನೊಂದರ ಕೆಲವು ಹನಿಗಳನ್ನು ಸೇರಿಸಿದೊಡನೆ, ಹಾಲೊಡೆದು ಗರಣೆಗಟ್ಟಿದಂತೆ ಬಿಳಿಯ ಘನವಸ್ತುವೊಂದು ಕಾಣಿಸಿಕೊಂಡು ಮೆಲ್ಲನೆ ತಳಕ್ಕಿಳಿಯುತ್ತದೆ. ದ್ರಾವಣದಿಂದ ಹೀಗೆ ಹೊರಬೀಳುವ ವಸ್ತುವೇ ಪ್ರಕ್ಷೇಪ. ಆದರೆ ಅದೇ ಅಡುಗೆ ಉಪ್ಪಿನ ದ್ರಾವಣಕ್ಕೆ ಪೆಟ್ಲುಪ್ಪಿನ ದ್ರಾವಣವನ್ನು ಸುರಿದರೆ ಯಾವ ಬದಲಾವಣೆಯೂ ಕಾಣುವುದಿಲ್ಲ. ಇಲ್ಲಿ ಪ್ರಕ್ಷೇಪ ಉಂಟಾಗುವುದೇಕೆ, ಅಲ್ಲಿ ಉಂಟಾಗದಿರುವುದೇಕೆ? ಬೆರೆಸುವ ಮುನ್ನವೇ ಫಲವನ್ನು ಹೇಳಲು ಸಾಧ್ಯವೆ? ಈ ಪ್ರಶ್ನೆಯನ್ನು ಸರಿಯಾದ ದಾರಿಗೆ ತಂದು ನಿಲ್ಲಿಸಿದ ಮಹನೀಯನೇ ಫ್ರಾನ್ಸಿನ ಕ್ಲೋಡ್ ಲೂಯಿ ಬರ್ತೊಲೆ.

ಬರ್ತೊಲೆ ಜನಿಸಿದುದು 1748ರ ಡಿಸೆಂಬರ್ 9ರಂದು, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಆನ್ಸಿ ಸರೋವರದ ದಡದ ಮೇಲಿರುವ ತಾಲ್ವಾರ್ ಎಂಬ ಗ್ರಾಮದಲ್ಲಿ. ಇಂದು ಫ್ರಾನ್ಸಿಗೆ ಸೇರಿರುವ ಆ ಸವಾಯ್ ಪ್ರಾಂತವು ಆಗ ಸಾರ್ಡೀನಿಯಾದ ಅರಸರ ಆಳ್ವಿಕೆಯಲ್ಲಿತ್ತು. ಆತನು ಆರಿಸಿಕೊಂಡದ್ದು ವೈದ್ಯವೃತ್ತಿಯನ್ನು. ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1768ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ವೈದ್ಯಪದವಿಯನ್ನು ಪಡೆದನು. 1772ರಲ್ಲಿ ಪ್ಯಾರಿಸ್ ನಗರಕ್ಕೆ ಬಂದು, ತ್ರೋಂಶಾನ್ ಎಂಬ ಹೆಸರಾಂತ ವೈದ್ಯನ ನೆರವಿನಿಂದ ಓರ್ಲಿಯನ್ಸ್ ಡ್ಯೂಕನ ಪರಿವಾರದಲ್ಲಿ ವೈದ್ಯನಾದನು. ಜೀವನೋಪಾಯಕ್ಕೆ ವೈದ್ಯಕೀಯವಿದ್ದರೂ ಆತನ ಮನಸ್ಸು ನೆಲೆನಿಂತುದು ರಸಾಯನಶಾಲೆಯಲ್ಲಿ. 1780ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

ಅದು ರಸಾಯನಶಾಸ್ತ್ರದಲ್ಲಿ ಹಳೆಯ ಯುಗವು ಅಳಿದು ಹೊಸ ಯುಗವು ಉದಿಸುತ್ತಿದ್ದ ಕಾಲ. ಉರಿಯುವ ವಸ್ತುಗಳಲ್ಲೆಲ್ಲ ಫ್ಲೋಜಿಸ್ಟನ್ ಎಂಬ ದ್ರವ್ಯವಿದೆಯೆಂಬ ನಂಬಿಕೆಯನ್ನು ಲವಾಸಿಯೆ ತನ್ನ ತಕ್ಕಡಿಯಿಂದ ಅಲುಗಾಡಿಸುತ್ತಿದ್ದನು. ಬರ್ತೊಲೆ ಮೊದಲು ಹಳೆಯ ಪಕ್ಷದಲ್ಲಿದ್ದವನು. ಸಾಕ್ಷ್ಯವು ಮನಸ್ಸಿಗೆ ಒಪ್ಪಿದ ಮೇಲೆ 1785ರಲ್ಲಿ ಹೊಸ ಮತವನ್ನು ಬಹಿರಂಗವಾಗಿ ಸ್ವೀಕರಿಸಿದನು. ಅದೇ ವರ್ಷ ಅಮೋನಿಯಾ ಅನಿಲವು ನೈಟ್ರೊಜನ್ ಮತ್ತು ಹೈಡ್ರೊಜನ್ನುಗಳಿಂದಾದುದೆಂದು ತೋರಿಸಿದನು. 1787ರಲ್ಲಿ ಲವಾಸಿಯೆ, ಗೀತೋನ್ ದ ಮೊರ್ವೊ ಮತ್ತು ಫೂರ್‌ಕ್ರ್ವಾ ಇವರೊಡನೆ ಸೇರಿ ರಾಸಾಯನಿಕ ನಾಮಕರಣದ ಹೊಸ ಪದ್ಧತಿಯನ್ನು ರೂಪಿಸಿದನು. ಇಂದು ನಮ್ಮ ಮಕ್ಕಳು ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟ್ ಎಂದು ಉಚ್ಚರಿಸುವಾಗ ಆ ನಾಲ್ವರ ಶ್ರಮದ ಫಲವನ್ನೇ ಬಳಸುತ್ತಿರುತ್ತಾರೆ.

ಆದರೆ ಬರ್ತೊಲೆ ಯಾರ ಕುರುಡು ಅನುಯಾಯಿಯೂ ಆಗಲಿಲ್ಲ. ಆಮ್ಲಗಳೆಲ್ಲವೂ ಆಕ್ಸಿಜನ್ನಿನಿಂದಲೇ ಆಮ್ಲತ್ವವನ್ನು ಪಡೆಯುತ್ತವೆಯೆಂಬುದು ಲವಾಸಿಯೆಯ ದೃಢವಾದ ಅಭಿಪ್ರಾಯವಾಗಿತ್ತು. ಪ್ರಷ್ಯನ್ ನೀಲಿಯಿಂದ ದೊರೆಯುವ ಪ್ರಸಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂದು 1787ರಲ್ಲಿ ಬರ್ತೊಲೆ ಕಂಡುಕೊಂಡನು. ಕಂಡದ್ದನ್ನು ಕಂಡಂತೆಯೇ ಪ್ರಕಟಿಸಿದನು. ಗೆಳೆತನವು ಸತ್ಯಕ್ಕೆ ಅಡ್ಡಬರಲಿಲ್ಲ, ಸತ್ಯವು ಗೆಳೆತನವನ್ನು ಕೆಡಿಸಲೂ ಇಲ್ಲ.

1784ರಲ್ಲಿ ಆತನು ಗೊಬೆಲಿನ್ ಎಂಬ ಪ್ರಸಿದ್ಧ ನೇಯ್ಗೆಶಾಲೆಗೆ ಸಂಬಂಧಿಸಿದಂತೆ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿ ನೇಮಕಗೊಂಡನು. ಸ್ವೀಡನ್ನಿನ ಶೀಲೆ 1774ರಲ್ಲಿ ಪಡೆದಿದ್ದ ಹಳದಿ ಮಿಶ್ರಿತ ಹಸಿರು ಅನಿಲವು, ಎಂದರೆ ಇಂದಿನ ಕ್ಲೋರಿನ್, ಬಟ್ಟೆಯ ಕೊಳೆಬಣ್ಣವನ್ನು ಕಳೆದು ಬೆಳ್ಳಗಾಗಿಸುವುದನ್ನು ಬರ್ತೊಲೆ ಉಪಯೋಗಕ್ಕೆ ತಂದನು. ಅದುವರೆಗೆ ನಾರುಬಟ್ಟೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಹುಲ್ಲುಗಾವಲಿನ ಬಿಸಿಲಿನಲ್ಲಿ ಹರಡಬೇಕಾಗಿತ್ತು. ಈ ವಿಧಾನದಿಂದ ಅಪಾರ ಸಂಪತ್ತನ್ನು ಗಳಿಸಬಹುದಾಗಿದ್ದರೂ ಬರ್ತೊಲೆ ಅದರ ಏಕಸ್ವಾಮ್ಯವನ್ನು ಬಯಸಲಿಲ್ಲ. ಉಗಿಯಂತ್ರದ ಜೇಮ್ಸ್ ವ್ಯಾಟ್ ಪ್ಯಾರಿಸ್ಸಿಗೆ ಬಂದಾಗ ಆತನಿಗೂ ಮುಕ್ತವಾಗಿ ತೋರಿಸಿಕೊಟ್ಟನು. 1791ರಲ್ಲಿ ಬಣ್ಣಗಾರಿಕೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿ, ಕುಲಕಸುಬಿನ ಗುಟ್ಟಾಗಿದ್ದುದನ್ನು ಶಾಸ್ತ್ರದ ನೆಲೆಗೆ ತಂದನು.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಸಿಡಿದೆದ್ದಿತು. ಮುಂದೆ ಸುತ್ತಲಿನ ರಾಜ್ಯಗಳೊಡನೆ ಯುದ್ಧ ಮೊದಲಾದಾಗ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪಿನ ಅಭಾವವುಂಟಾಯಿತು. ಹಳೆಯ ಲಾಯ, ನೆಲಮಾಳಿಗೆಗಳ ಮಣ್ಣನ್ನು ನೀರಿನಲ್ಲಿ ನೆನೆಸಿ ಬಸಿದು ಅದನ್ನು ಪಡೆಯುವ ಕಾರ್ಯದಲ್ಲಿ ಬರ್ತೊಲೆ ಗಣಿತಜ್ಞ ಮೊಂಜ್ ಮೊದಲಾದವರೊಡನೆ ದುಡಿದನು. ಆ ಬಸಿದ ನೀರಿನಲ್ಲಿ ಬಹುಪಾಲು ಇರುವುದು ಸುಣ್ಣ ಮತ್ತು ಮೆಗ್ನೀಷಿಯಾಗಳ ನೈಟ್ರೇಟು. ಅದಕ್ಕೆ ಕಟ್ಟಿಗೆಯ ಬೂದಿಯ ತಿಳಿಯನ್ನು ಬೆರೆಸಿದರೆ, ಬೂದಿಯಲ್ಲಿರುವ ಕಾರ್ಬೊನೇಟು ಸುಣ್ಣವನ್ನೂ ಮೆಗ್ನೀಷಿಯಾವನ್ನೂ ಹಿಡಿದುಕೊಂಡು ತಳಕ್ಕೆ ಬೀಳುತ್ತದೆ. ಮೇಲಿನ ತಿಳಿಯಲ್ಲಿ ಪೊಟ್ಯಾಸಿಯಂ ನೈಟ್ರೇಟು, ಎಂದರೆ ಪೆಟ್ಲುಪ್ಪು, ಉಳಿಯುತ್ತದೆ. ಪ್ರನಾಳದ ವಿದ್ಯೆಯು ಇಲ್ಲಿ ಕೊಪ್ಪರಿಗೆಗಳ ಪ್ರಮಾಣದಲ್ಲಿ ನಡೆಯುತ್ತಿತ್ತು. ವಸ್ತುಗಳ ಪರಿಮಾಣ ಹೆಚ್ಚುಕಡಿಮೆಯಾದಂತೆ ಕ್ರಿಯೆಯ ಸ್ವರೂಪವೂ ವ್ಯತ್ಯಾಸವಾಗುವುದು ಇಂತಹ ಕಡೆ ಕಣ್ಣಿಗೆ ಬೀಳದೆ ಇರದು.

ಆ ಭೀಕರ ದಿನಗಳಲ್ಲಿ ನುಡಿದ ಒಂದು ಮಾತು ತಲೆಯನ್ನೇ ತೆಗೆಯಬಹುದಾಗಿತ್ತು. 1794ರ ಮೇ 8ರಂದು ಲವಾಸಿಯೆಯೇ ಗಿಲೊಟಿನ್ನಿಗೆ ಬಲಿಯಾದನು. ಆ ಕಾಲದ ಒಂದು ಪ್ರಸಂಗವನ್ನು ಬರ್ತೊಲೆಯ ಚರಿತ್ರಕಾರರು ಹೇಳುತ್ತ ಬಂದಿದ್ದಾರೆ. ಸೈನಿಕರಿಗೆಂದು ತಂದಿದ್ದ ಬ್ರಾಂದಿಯ ಪೀಪಾಯಿಗಳ ತಳದಲ್ಲಿ ಮಡ್ಡಿಯು ಕಂಡುಬಂದು, ಅದು ವಿಷವೆಂಬ ಗುಲ್ಲೆದ್ದಿತು. ಪರೀಕ್ಷಿಸಿದ ಬರ್ತೊಲೆ ವಿಷವಿಲ್ಲವೆಂದು ವರದಿ ಕೊಟ್ಟನು. ಅಧಿಕಾರದಲ್ಲಿದ್ದವರು ಬಯಸಿದ್ದುದು ಬೇರೆಯ ಉತ್ತರ. ಅವರ ಎದುರಿನಲ್ಲಿಯೇ ಆತನು ಆ ಬ್ರಾಂದಿಯನ್ನು ಸೋಸಿ ಒಂದು ಬಟ್ಟಲು ಕುಡಿದು ತೋರಿಸಿದನಂತೆ. ಕುಡಿಯುವುದಕ್ಕಿಂತ ವರದಿಗೆ ಸಹಿ ಹಾಕುವುದಕ್ಕೇ ಹೆಚ್ಚಿನ ಧೈರ್ಯ ಬೇಕಾಯಿತೆಂದು ತಿಳಿಸಿದನಂತೆ. ವಿಜ್ಞಾನಿಯ ನಿಷ್ಠೆಗೆ ಇದಕ್ಕಿಂತ ಹಿರಿದಾದ ಪರೀಕ್ಷೆ ಬೇರೆ ಯಾವುದಿದ್ದೀತು?

ಈಗ ಮೂಲ ಪ್ರಶ್ನೆಗೆ ಬರೋಣ. ಬರ್ತೊಲೆಗೆ ಮುಂಚೆ ಪ್ರಕ್ಷೇಪದ ವಿಷಯದಲ್ಲಿ ವಿದ್ವಾಂಸರು ನಂಬಿದ್ದುದು ಪದಾರ್ಥಗಳ ಪರಸ್ಪರ ಒಲವನ್ನು. ಸ್ವೀಡನ್ನಿನ ಬರ್ಗ್‌ಮನ್ 1775ರಲ್ಲಿ ಇಂತಹ ಒಲವುಗಳ ದೊಡ್ಡ ಕೋಷ್ಟಕವನ್ನೇ ರಚಿಸಿದ್ದನು. ಪ್ರತಿಯೊಂದು ಆಮ್ಲದ ಕೆಳಗೆ ಅದು ಯಾವ ಪ್ರತ್ಯಾಮ್ಲವನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಯಸುತ್ತದೆ, ಅನಂತರ ಯಾವುದನ್ನು, ಎಂಬ ಕ್ರಮವನ್ನು ಅದರಲ್ಲಿ ಬರೆದಿತ್ತು. ಪ್ರಬಲವಾದ ಒಲವುಳ್ಳದ್ದು ದುರ್ಬಲವಾದುದನ್ನು ಸಂಪೂರ್ಣವಾಗಿ ಹೊರದೂಡುತ್ತದೆ. ಅದಕ್ಕೆ ವಿನಾಯಿತಿಯಿಲ್ಲ, ಹಿಂದಿರುಗುವ ಮಾರ್ಗವೂ ಇಲ್ಲ. ಈ ಕೋಷ್ಟಕದಿಂದ ಅನೇಕ ಕ್ರಿಯೆಗಳನ್ನು ಮುಂಗಾಣುವುದು ಸಾಧ್ಯವಾಯಿತೆಂಬುದು ನಿಜ. ಆದರೆ ವಸ್ತುಗಳ ಪರಿಮಾಣಕ್ಕೆ ಅದರಲ್ಲಿ ಸ್ಥಾನವೇ ಇರಲಿಲ್ಲ.

1798ರಲ್ಲಿ ನೆಪೋಲಿಯನ್ ಬೋನಪಾರ್ಟನು ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ವಿದ್ವಾಂಸರ ತಂಡವೊಂದನ್ನೂ ಕರೆದೊಯ್ದನು. ಅದನ್ನು ಕೂಡಿಸುವುದರಲ್ಲಿ ಮುಂದಾಳುಗಳಾಗಿದ್ದವರು ಬರ್ತೊಲೆ ಮತ್ತು ಮೊಂಜ್. 1799ರ ಆರಂಭದಲ್ಲಿ ಬರ್ತೊಲೆ ಕೈರೋ ನಗರದ ವಾಯವ್ಯಕ್ಕಿರುವ ಮರಳುಗಾಡಿನ ನೇಟ್ರನ್ ಸರೋವರಗಳನ್ನು ಸಂದರ್ಶಿಸಿದನು. ಪ್ರಾಚೀನ ಈಜಿಪ್ಟಿನವರು ಹೆಣಗಳನ್ನು ಕೆಡದಂತೆ ಕಾಪಾಡಲು ಬಳಸುತ್ತಿದ್ದ ಸೋಡಾ, ಎಂದರೆ ಸೋಡಿಯಂ ಕಾರ್ಬೊನೇಟು, ದೊರೆಯುವ ತಾಣಗಳಿವು. ಅಲ್ಲಿ ನೆಲವು ಸುಣ್ಣಕಲ್ಲಿನದು, ನೀರು ಉಪ್ಪಿನದು, ದಡದ ಮೇಲೆ ಕಟ್ಟಿದ ಹೆಪ್ಪು ಸೋಡಾದ್ದು.

ಈ ನೋಟವು ಬರ್ತೊಲೆಯನ್ನು ಚಿಂತೆಗೆ ಹಚ್ಚಿತು. ಪ್ರಯೋಗಶಾಲೆಯಲ್ಲಿ ಸೋಡಾದ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವನ್ನು ಬೆರೆಸಿದರೆ ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ಸುಣ್ಣಕಲ್ಲಿನ ದ್ರವ್ಯವೇ, ಪ್ರಕ್ಷೇಪವಾಗಿ ಬಿದ್ದು ದ್ರಾವಣದಲ್ಲಿ ಅಡುಗೆ ಉಪ್ಪು ಉಳಿಯುತ್ತದೆ. ಸರೋವರದ ದಡದಲ್ಲಿಯಾದರೋ ಉಪ್ಪು ಮತ್ತು ಸುಣ್ಣಕಲ್ಲುಗಳೇ ಕೂಡಿ ಸೋಡಾವನ್ನು ಕೊಡುತ್ತಿರುವಂತೆ ಕಂಡಿತು. ಕ್ರಿಯೆಯು ತಲೆಕೆಳಗಾಗಿ ನಡೆದಿತ್ತು! ಒಲವಿನ ಕೋಷ್ಟಕವೇ ಪರಮಪ್ರಮಾಣವಾಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. ಅಪಾರವಾದ ಸುಣ್ಣಕಲ್ಲಿನ ರಾಶಿ, ನೀರು ಇಂಗಿದಂತೆ ಹೆಪ್ಪುಗಟ್ಟಿ ಹೊರಬರುವ ಸೋಡಾ, ತೇವವನ್ನು ಹೀರಿ ನೆಲದೊಳಕ್ಕೆ ಜಾರುವ ಕ್ಯಾಲ್ಸಿಯಂ ಕ್ಲೋರೈಡು, ಇವು ಕೂಡಿ ಕ್ರಿಯೆಯ ದಿಕ್ಕನ್ನೇ ಬದಲಿಸಿವೆಯೆಂದು ಬರ್ತೊಲೆ ತರ್ಕಿಸಿದನು. ಆ ಸರೋವರಗಳ ಸೋಡಾದ ಉತ್ಪತ್ತಿಯಲ್ಲಿ ಸಲ್ಫೇಟುಗಳನ್ನು ಒಡೆಯುವ ಸೂಕ್ಷ್ಮಜೀವಿಗಳ ಪಾತ್ರವೂ ಇದೆಯೆಂದು ಇಪ್ಪತ್ತನೆಯ ಶತಮಾನದ ಸಂಶೋಧಕರು ಕಂಡುಕೊಂಡಿದ್ದಾರೆ. ಆದರೂ ಆ ನೋಟವು ಬರ್ತೊಲೆಯಲ್ಲಿ ಎಬ್ಬಿಸಿದ ವಿಚಾರವು ಸ್ಥಿರವಾಗಿ ನಿಂತಿತು. ಒಲವಿನ ನಿಯಮಗಳನ್ನು ಕುರಿತ ತನ್ನ ಪ್ರಬಂಧವನ್ನು ಆತನು 1799ರಲ್ಲಿ ಕೈರೋದಲ್ಲಿದ್ದ ಈಜಿಪ್ಟ್ ಸಂಸ್ಥೆಯ ಸಭೆಯಲ್ಲಿಯೇ ಓದಿದನು. ಅದೇ ವರ್ಷ ತಾಯ್ನಾಡಿಗೆ ಮರಳಿ, 1803ರಲ್ಲಿ ರಾಸಾಯನಿಕ ಸ್ಥಿತಿಶಾಸ್ತ್ರವನ್ನು ಕುರಿತ ಎರಡು ಸಂಪುಟಗಳ ಗ್ರಂಥದಲ್ಲಿ ಆ ವಿಚಾರವನ್ನು ವಿಸ್ತರಿಸಿದನು.

ಬರ್ತೊಲೆಯ ಸಿದ್ಧಾಂತದ ಸಾರವಿಷ್ಟು. ಎರಡು ಲವಣಗಳ ದ್ರಾವಣಗಳು ಬೆರೆತಾಗ ಎರಡು ಆಮ್ಲಭಾಗಗಳೂ ಎರಡು ಪ್ರತ್ಯಾಮ್ಲಭಾಗಗಳೂ ಪರಸ್ಪರ ಸೆಳೆದಾಡುತ್ತ, ಎಲ್ಲವೂ ಎಲ್ಲದರೊಡನೆ ತಕ್ಕಮಟ್ಟಿಗೆ ಕೂಡಿರುತ್ತವೆ. ಯಾವುದಕ್ಕೂ ಪೂರ್ಣ ವಿಜಯವಿಲ್ಲ. ಆದರೆ ಹೀಗೆ ಸಾಧ್ಯವಾಗುವ ಜೋಡಿಗಳಲ್ಲಿ ಒಂದು ನೀರಿನಲ್ಲಿ ಕರಗದಂಥದಾಗಿದ್ದರೆ ಅದು ಘನರೂಪವನ್ನು ತಾಳಿ ಕಣದಿಂದಲೇ ಹೊರಟುಹೋಗುತ್ತದೆ. ಅದು ಹೊರಟಷ್ಟೂ ಆ ಜೋಡಿಯು ಮತ್ತೆ ಮತ್ತೆ ಉಂಟಾಗಿ ಮತ್ತೆ ಮತ್ತೆ ತಳಕ್ಕಿಳಿಯುತ್ತದೆ. ಆದುದರಿಂದ ಪ್ರಕ್ಷೇಪಕ್ಕೆ ಮುಖ್ಯ ಕಾರಣ ಒಲವಿನ ಪ್ರಾಬಲ್ಯವಲ್ಲ, ಕರಗದಿರುವಿಕೆ. ಅನಿಲವಾಗಿ ಹಾರಿಹೋಗುವ ವಸ್ತುವಿಗೂ ಇದೇ ನ್ಯಾಯ. ಎರಡು ಲವಣಗಳು ಪಾಲನ್ನು ಅದಲುಬದಲು ಮಾಡಿಕೊಂಡು ಕರಗದ ಲವಣವನ್ನು ಕೊಡಬಲ್ಲವಾದರೆ ಆ ಕ್ರಿಯೆಯು ನಡೆಯುತ್ತದೆಂಬ ಸೂತ್ರವು ಮುಂದೆ ಬರ್ತೊಲೆಯ ನಿಯಮವೆಂದೇ ಪ್ರಸಿದ್ಧವಾಯಿತು.

ಪರಿಮಾಣದ ಪ್ರಭಾವವನ್ನು ತೋರಿಸಲು ಆತನು ಮಾಡಿದ ಒಂದು ಪ್ರಯೋಗವು ಸ್ಮರಣೀಯ. ಬೇರಿಯಂ ಸಲ್ಫೇಟು ಕರಗದ ಲವಣಗಳಲ್ಲಿ ಅಗ್ರಗಣ್ಯ. ಕೋಷ್ಟಕದ ಪ್ರಕಾರ ಅದರ ಬಂಧನವನ್ನು ಪೊಟ್ಯಾಷು ಬಿಡಿಸಲಾರದು. ಬರ್ತೊಲೆ ಅದನ್ನು ಸಮತೂಕದ ಪೊಟ್ಯಾಷಿನೊಡನೆ ಸ್ವಲ್ಪವೇ ನೀರಿನಲ್ಲಿ ಕುದಿಸಿ ನೋಡಿದನು. ಸಲ್ಫ್ಯೂರಿಕ್ ಆಮ್ಲದ ಒಂದು ಪಾಲು ಬೇರಿಯಮ್ಮನ್ನು ತೊರೆದು ಪೊಟ್ಯಾಷನ್ನು ಸೇರಿತ್ತು. ದುರ್ಬಲವೆನಿಸಿದ್ದೂ ತನ್ನ ಪರಿಮಾಣದ ಬಲದಿಂದ ಪಾಲನ್ನು ಪಡೆಯಬಲ್ಲದೆಂಬುದು ಹೀಗೆ ಸಿದ್ಧವಾಯಿತು.

ಇಷ್ಟು ಸೂಕ್ಷ್ಮದೃಷ್ಟಿಯ ಬರ್ತೊಲೆ ಒಂದು ವಿಷಯದಲ್ಲಿ ಎಡವಿದನು. ಪರಿಮಾಣವು ಕ್ರಿಯೆಯನ್ನು ಬದಲಿಸುವುದಾದರೆ ಉತ್ಪನ್ನವಾದ ಸಂಯುಕ್ತದ ರಚನೆಯನ್ನೂ ಬದಲಿಸಬೇಕೆಂದು ಆತನು ಭಾವಿಸಿದನು. ಸ್ಪೇನಿನಲ್ಲಿದ್ದ ಪ್ರೂಸ್ಟ್ ಎಂಬ ಮತ್ತೊಬ್ಬ ಫ್ರೆಂಚ್ ರಸಾಯನವಿದನು ಇದನ್ನು ಒಪ್ಪಲಿಲ್ಲ. ಶುದ್ಧವಾದ ಸಂಯುಕ್ತದಲ್ಲಿ ಧಾತುಗಳ ತೂಕದ ಪ್ರಮಾಣವು ಎಲ್ಲಿಯೂ ಎಂದಿಗೂ ಒಂದೇ ಎಂಬುದು ಆತನ ವಾದ. ಬರ್ತೊಲೆ ತೋರಿಸಿದ ಅನೇಕ ಉದಾಹರಣೆಗಳು ಸಂಯುಕ್ತಗಳಲ್ಲ, ಬೆರಕೆಗಳು ಎಂದು ವಿಶ್ಲೇಷಣೆಯಿಂದ ಸಾಧಿಸಿದನು. ಸುಮಾರು ಎಂಟು ವರ್ಷ ನಡೆದ ಈ ವಾದದಲ್ಲಿ ಜಯವು ಪ್ರೂಸ್ಟನದಾಯಿತು. ಆದರೆ ಇಬ್ಬರಲ್ಲಿ ಒಬ್ಬರೂ ಸೌಜನ್ಯದ ಎಲ್ಲೆಯನ್ನು ಮೀರಲಿಲ್ಲ. ಕಬ್ಬಿಣದ ಒಂದು ಆಕ್ಸೈಡಿನಂತೆ ಪ್ರಮಾಣವು ತುಸು ಹೆಚ್ಚುಕಡಿಮೆಯಾಗುವ ಕೆಲವು ಘನಸಂಯುಕ್ತಗಳು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದಾಗ ರಷ್ಯದ ಕುರ್ನಾಕೋಫ್ ಅವುಗಳಿಗೆ ಬರ್ತೊಲೆಯ ಹೆಸರನ್ನೇ ಇಟ್ಟನು. ಸೋತ ವಾದದಲ್ಲಿಯೂ ಸತ್ಯದ ಒಂದು ಕಣ ಉಳಿದಿತ್ತು.

ಪ್ಯಾರಿಸ್ಸಿನ ಬಳಿಯ ಆರ್ಕುಯ್ ಎಂಬಲ್ಲಿದ್ದ ಬರ್ತೊಲೆಯ ಮನೆಯು ವಿಜ್ಞಾನದ ಗುರುಕುಲವಾಯಿತು. ನೆರೆಯಲ್ಲಿ ಮನೆಮಾಡಿದ್ದ ಖಗೋಲವಿದ ಲಾಪ್ಲಾಸನೊಡನೆ ಸೇರಿ ಆತನು ಕಟ್ಟಿದ ಆರ್ಕುಯ್ ಸಂಘದಲ್ಲಿ ಗೇ-ಲುಸ್ಸಾಕ್, ಹುಂಬೋಲ್ಟ್, ತೆನಾರ್, ಬಿಯೋ ಮೊದಲಾದ ಕಿರಿಯರು ಕಲೆತು ಪ್ರಯೋಗ ಮಾಡುತ್ತಿದ್ದರು, ಚರ್ಚಿಸುತ್ತಿದ್ದರು. ಸಂಘದ ಸಂಶೋಧನೆಗಳು 1807, 1809 ಮತ್ತು 1817ರಲ್ಲಿ ಮೂರು ಸಂಪುಟಗಳಾಗಿ ಹೊರಬಂದವು. ಗೇ-ಲುಸ್ಸಾಕನು ಸಹಾಯಕನಾಗಿ ಬಂದ ಹೊಸತರಲ್ಲಿ ಬರ್ತೊಲೆ ಆತನಿಗೊಂದು ಪ್ರಯೋಗವನ್ನು ಒಪ್ಪಿಸಿದ್ದನು. ಫಲಿತಾಂಶವು ಗುರುವಿನ ನಿರೀಕ್ಷೆಗೆ ನೇರ ವಿರುದ್ಧವಾಗಿತ್ತು. ಶಿಷ್ಯನು ಅದನ್ನು ಮರೆಮಾಚದೆ ಮುಂದಿಟ್ಟನು; ಗುರುವು ಕೋಪಿಸಿಕೊಳ್ಳುವ ಬದಲು ಹರ್ಷಗೊಂಡು, ಮುಂದೆ ಮಹತ್ತರವಾದುದನ್ನು ಕಂಡುಹಿಡಿಯುವವನು ನೀನೆಂದು ಹರಸಿದನು. ಆ ಶಿಷ್ಯನೇ ಮುಂದೆ 1832ರಲ್ಲಿ, ಅಡುಗೆ ಉಪ್ಪಿನ ದ್ರಾವಣದಿಂದ ಬೆಳ್ಳಿಯನ್ನು ಕ್ಲೋರೈಡಾಗಿ ಬೀಳಿಸಿ ನಾಣ್ಯದ ಬೆಳ್ಳಿಯ ಶುದ್ಧತೆಯನ್ನು ಅಳೆಯುವ ನಿಖರವಾದ ವಿಧಾನವನ್ನು ಪ್ರಕಟಿಸಿದನು.

ನೆಪೋಲಿಯನ್ನನ ಕಾಲದಲ್ಲಿ ಬರ್ತೊಲೆಗೆ ಸೆನೆಟ್ ಸದಸ್ಯತ್ವವೂ 1808ರಲ್ಲಿ ಕೌಂಟ್ ಪದವಿಯೂ ದೊರೆತವು. ಆದರೆ ಮಗನ ಅಕಾಲ ಮರಣವು ಆತನ ಕೊನೆಯ ವರ್ಷಗಳನ್ನು ಕತ್ತಲಾಗಿಸಿತು. 1822ರ ನವೆಂಬರ್ 6ರಂದು ಆರ್ಕುಯ್‌ನಲ್ಲಿ ಬರ್ತೊಲೆ ಕಾಲವಶನಾದನು.

ಆತನು ಬಿತ್ತಿದ ಬೀಜವು ಮರವಾಗಲು ಕಾಲ ಹಿಡಿಯಿತು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬುವರು ಪರಿಮಾಣದ ಪ್ರಭಾವವನ್ನು ಗಣಿತದ ನಿಯಮವಾಗಿ ರೂಪಿಸಿದರು. 1884ರ ತನ್ನ ಪ್ರಬಂಧದಿಂದ ಆರಂಭಿಸಿ 1887ರ ವೇಳೆಗೆ ಸ್ವೀಡನ್ನಿನ ಅರೀನಿಯಸ್, ನೀರಿನಲ್ಲಿ ಕರಗಿದ ಲವಣವು ವಿದ್ಯುದಂಶವುಳ್ಳ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆಂಬ ಸಿದ್ಧಾಂತವನ್ನು ಸ್ಥಾಪಿಸಿದನು. 1889ರಲ್ಲಿ ಜರ್ಮನಿಯ ನರ್ನ್‌ಸ್ಟ್, ಕರಗದ ಲವಣದ ಅಯಾನುಗಳು ದ್ರಾವಣದಲ್ಲಿ ಎಷ್ಟಿರಬಲ್ಲವೆಂಬುದಕ್ಕೆ ವಿಲೀನತಾ ಗುಣಲಬ್ಧವೆಂಬ ಅಳತೆಗೋಲನ್ನು ಕೊಟ್ಟನು.

ಇಂದಿನ ವಿದ್ಯಾರ್ಥಿಯು ಪ್ರಕ್ಷೇಪವನ್ನು ಮುಂಗಾಣುವುದು ಹೀಗೆ. ಎರಡು ಲವಣಗಳಿಂದ ಬರುವ ನಾಲ್ಕು ಅಯಾನುಗಳನ್ನು ಮೊದಲು ಬರೆದುಕೊಳ್ಳಬೇಕು. ಜೊತೆಗಾರರನ್ನು ಅದಲುಬದಲು ಮಾಡಿ ಹೊಸ ಜೋಡಿಗಳೆರಡನ್ನು ಪರೀಕ್ಷಿಸಬೇಕು. ಸೋಡಿಯಂ, ಪೊಟ್ಯಾಸಿಯಂ ಮತ್ತು ಅಮೋನಿಯಂ ಲವಣಗಳು ಸಾಮಾನ್ಯವಾಗಿ ಕರಗುತ್ತವೆ. ನೈಟ್ರೇಟುಗಳೂ ಕರಗುತ್ತವೆ. ಕ್ಲೋರೈಡುಗಳು ಕರಗುತ್ತವೆಯಾದರೂ ಬೆಳ್ಳಿ, ಸೀಸ ಮತ್ತು ಮರ್ಕ್ಯುರಸ್ ಕ್ಲೋರೈಡುಗಳು ಅಪವಾದ. ಸಲ್ಫೇಟುಗಳಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಮತ್ತು ಸೀಸದವು ಕರಗವು; ಕ್ಯಾಲ್ಸಿಯಂ ಸಲ್ಫೇಟು ಸ್ವಲ್ಪವೇ ಕರಗುತ್ತದೆ. ಕಾರ್ಬೊನೇಟು, ಫಾಸ್ಫೇಟುಗಳಲ್ಲಿ ಮೊದಲು ಹೇಳಿದ ಮೂರರವನ್ನು ಬಿಟ್ಟರೆ ಹೆಚ್ಚಿನವು ಕರಗವು. ಈಗ ಮೊದಲಿನ ಪ್ರಶ್ನೆಗೆ ಉತ್ತರವು ಸುಲಭ. ಅಡುಗೆ ಉಪ್ಪು ಮತ್ತು ಪೆಟ್ಲುಪ್ಪುಗಳಿಂದ ಆಗಬಹುದಾದ ಸೋಡಿಯಂ ನೈಟ್ರೇಟು, ಪೊಟ್ಯಾಸಿಯಂ ಕ್ಲೋರೈಡುಗಳೆರಡೂ ಕರಗುವಂಥವು. ಆದುದರಿಂದ ಸಾಮಾನ್ಯ ಸಾರದ ದ್ರಾವಣಗಳಲ್ಲಿ ಏನೂ ಬೀಳದು.

ಆದರೆ ಪಟ್ಟಿಯನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಕಾರ್ಯ ಮುಗಿಯದು. ಲೀಟರಿಗೆ 0.01 ಮೋಲ್ ಇರುವ ಬೆಳ್ಳಿಯ ನೈಟ್ರೇಟು ಮತ್ತು ಅಷ್ಟೇ ಸಾರದ ಅಡುಗೆ ಉಪ್ಪಿನ ದ್ರಾವಣಗಳನ್ನು ಸಮಭಾಗವಾಗಿ ಬೆರೆಸಿದೆವೆನ್ನೋಣ. ಗಾತ್ರವು ಇಮ್ಮಡಿಯಾದುದರಿಂದ ಎರಡು ಅಯಾನುಗಳ ಸಾರವೂ 0.005ಕ್ಕೆ ಇಳಿಯುತ್ತದೆ; ಅವುಗಳ ಗುಣಲಬ್ಧವು ಸಾವಿರ ಕೋಟಿಯಲ್ಲಿ 2,50,000 ಭಾಗ. ಬೆಳ್ಳಿಯ ಕ್ಲೋರೈಡಿಗೆ 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರುವ ಮಿತಿಯೋ ಸಾವಿರ ಕೋಟಿಯಲ್ಲಿ ಕೇವಲ 1.8 ಭಾಗ. ಮಿತಿಮೀರಿದ್ದೆಲ್ಲ ತಳಕ್ಕೆ ಬೀಳಲೇಬೇಕು. ಬೆಳ್ಳಿಯ ಬದಲು ಸೀಸದ ನೈಟ್ರೇಟನ್ನು ಅದೇ ಸಾರದಲ್ಲಿ ತೆಗೆದುಕೊಂಡರೆ? ಸೀಸದ ಕ್ಲೋರೈಡಿನಲ್ಲಿ ಒಂದು ಸೀಸಕ್ಕೆ ಎರಡು ಕ್ಲೋರೈಡುಗಳಿರುವುದರಿಂದ ಕ್ಲೋರೈಡಿನ ಸಾರವನ್ನು ಎರಡು ಸಲ ಗುಣಿಸಬೇಕು. ಆಗ ಬರುವ ಗುಣಲಬ್ಧವು ಕೋಟಿಯಲ್ಲಿ 1.25 ಭಾಗ, ಮಿತಿಯು ಕೋಟಿಯಲ್ಲಿ ಸುಮಾರು 170 ಭಾಗ. ಪಟ್ಟಿಯು ಕರಗದೆಂದು ಹೇಳಿದ್ದರೂ ದ್ರಾವಣವು ತಿಳಿಯಾಗಿಯೇ ಉಳಿಯುತ್ತದೆ! ಪದಾರ್ಥದ ಸ್ವಭಾವದೊಂದಿಗೆ ಅದರ ಪರಿಮಾಣವನ್ನೂ ನೋಡಬೇಕೆಂದು ಬರ್ತೊಲೆ ಹೇಳಿದುದು ಇದನ್ನೇ. ಅಯಾನುಗಳ ಹೆಸರನ್ನೇ ಕೇಳದೆ ಆತನು ಈ ಮರ್ಮವನ್ನು ಕಂಡಿದ್ದನು.

ವಿದ್ಯಾರ್ಥಿ ಮಿತ್ರರು ಪ್ರನಾಳದಲ್ಲಿ ಬಿಳಿಯದೋ ಹಳದಿಯದೋ ಪ್ರಕ್ಷೇಪವು ಇಳಿಯುವುದನ್ನು ನೋಡುವಾಗ ಈ ಹಿರಿಯ ಜೀವವನ್ನು ಒಮ್ಮೆ ಸ್ಮರಿಸಲಿ. ತಾನು ನಂಬಿದುದನ್ನು ಸಾಕ್ಷ್ಯದೆದುರು ಬಿಟ್ಟುಕೊಟ್ಟವನು, ಗೆಳೆಯನ ಮತವನ್ನೂ ಪರೀಕ್ಷಿಸದೆ ಒಪ್ಪದವನು, ಅಧಿಕಾರದ ಬೆದರಿಕೆಗೆ ವರದಿಯನ್ನು ತಿದ್ದದವನು, ಶಿಷ್ಯನ ಪ್ರಯೋಗವು ತನ್ನೆಣಿಕೆಯನ್ನು ಹುಸಿಗೊಳಿಸಿದಾಗ ಸಂತೋಷಪಟ್ಟವನು ಆತ. ನಿರೀಕ್ಷಿಸಿದ ಪ್ರಕ್ಷೇಪವು ಬೀಳದಿದ್ದ ದಿನ ಪುಸ್ತಕದಲ್ಲಿ ಬಿದ್ದಿತೆಂದು ಬರೆಯದೆ, ಬೀಳಲಿಲ್ಲವೆಂದೇ ಬರೆದು ಕಾರಣವನ್ನು ಅರಸುವ ವಿದ್ಯಾರ್ಥಿಯೇ ಬರ್ತೊಲೆಯ ನಿಜವಾದ ಉತ್ತರಾಧಿಕಾರಿ.